ಶಿವನಸಮುದ್ರದಿಂದ ಬಲಸಮುದ್ರಕ್ಕೆ

(ಪಾವಗಡ ತಾಲ್ಲೂಕಿನ ಬಲಸಮುದ್ರದಲ್ಲಿ, ಬೆಂಗಳೂರಿನಿಂದ ಹೋಗಿದ್ದ ಗೆಳೆಯರೂ ಊರಿನ ಯುವಕರೂ ಒಟ್ಟಿಗೆ ಕುಳಿತಿದ್ದಾಗ ಮಾಡಿದ ಭಾಷಣದ ಬರಹ ರೂಪ)

ಬಲಸಮುದ್ರದ ಹಿರಿಯರೇ, ತಾಯಂದಿರೇ, ಬೆಂಗಳೂರಿನಿಂದ ಬಸ್ಸು ಹತ್ತಿ ಬಂದಿರುವ ನನ್ನ ಕನ್ನಡದ ಗೆಳೆಯರೇ,

ಮೊದಲೇ ಹೇಳಿಬಿಡುತ್ತೇನೆ. ನಾನು ವಿಜ್ಞಾನಿಯಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಪೇಪರಿನಲ್ಲಿ ಬರುವ ವಿಜ್ಞಾನದ ಸುದ್ದಿ, ಕರೆಂಟಿನ ಸುದ್ದಿ, ಬೆಲೆ ಬಡ್ಡಿಯ ಸುದ್ದಿಗಳನ್ನು ಉಳಿದವರು ಕ್ರಿಕೆಟ್ ಸ್ಕೋರು ನೋಡುವ ಹಾಗೆ ನೋಡುವ ಹುಚ್ಚು ನನಗಿದೆ. ಕತ್ತರಿಸಿ ಇಟ್ಟುಕೊಳ್ಳುತ್ತೇನೆ. 'ಈ ರದ್ದಿ ಯಾವಾಗ ಹೊರಗೆ ಹಾಕ್ತೀರಿ' ಅಂತ ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಆ ರದ್ದಿಯಲ್ಲಿ ಬಹಳ ದಿನದಿಂದ ಒಂದು ಊರಿನ ಹೆಸರು ಸಿಗುತ್ತಿತ್ತು. ಅದು ನಿಮ್ಮ ಊರು.

ನಮ್ಮ ಹಿರಿಯರ ಬಾಯಲ್ಲಿ 'ಸಮುದ್ರ' ಅಂದರೆ ದೊಡ್ಡ ಕೆರೆ. ಈ ಕಡೆ ಎಷ್ಟು ಊರುಗಳ ಹೆಸರಿನಲ್ಲಿ ಸಮುದ್ರವಿದೆ, ಸಾಗರವಿದೆ! ನೀರು ಕಾಣದ ಸೀಮೆಯವರು ಊರಿನ ಹೆಸರಿನಲ್ಲಾದರೂ ನೀರು ತುಂಬಿಸಿಕೊಂಡರು. ಇವತ್ತು ಬೆಳಿಗ್ಗೆ ಬಸ್ಸು ಇಳಿದು ಆ ದಿಬ್ಬದ ಮೇಲೆ ನಿಂತು ನೋಡಿದೆ. ಬಲಸಮುದ್ರಕ್ಕೆ ನಿಜವಾಗಿಯೂ ಸಮುದ್ರ ಬಂದಿದೆ. ನೀರಿನದಲ್ಲ, ಗಾಜಿನದು. ಕಣ್ಣು ಹಾಯಿಸಿದಷ್ಟು ದೂರ ನೀಲಿ ಹಲಗೆಗಳು ಸೂರ್ಯನಿಗೆ ಮುಖ ಕೊಟ್ಟು ಸಾಲಾಗಿ ನಿಂತಿವೆ.

ಇದು ಬರೀ ನಿಮ್ಮ ಊರಿನ ಸುದ್ದಿಯಲ್ಲ, ಜಗತ್ತಿನ ಸುದ್ದಿ. ಜಗತ್ತಿನವರೆಲ್ಲ ಓದಿ ಮುಗಿಸಿದ ಈ ಸುದ್ದಿಯನ್ನು ಇನ್ನೂ ಸರಿಯಾಗಿ ಓದಿಲ್ಲದವರು ನಾವು, ಕನ್ನಡದ ಹುಡುಗರು. ಆ ಓದನ್ನು ಇವತ್ತು ಶುರು ಮಾಡೋಣ ಅಂತಲೇ ಬಂದಿದ್ದೇನೆ.

ಮೊದಲು ಬೆಳಕು ಯಾರಿಗೆ ಹೋಯಿತು?

ಸ್ವಲ್ಪ ಹಿಂದಕ್ಕೆ ಹೋಗೋಣ. 1902. ಕಾವೇರಿಯ ಶಿವನಸಮುದ್ರದಲ್ಲಿ ಮೈಸೂರು ಸಂಸ್ಥಾನ ಜಲವಿದ್ಯುತ್ ಉತ್ಪಾದನೆ ಶುರು ಮಾಡಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹುಟ್ಟಿದ ಯೋಜನೆ ಅದು. ಏಷ್ಯಾದಲ್ಲೇ ದೊಡ್ಡ ಸಾಹಸ. ಆ ಕರೆಂಟು ಮೊದಲು ಎಲ್ಲಿಗೆ ಹೋಯಿತು ಗೊತ್ತೇ? ಪಕ್ಕದ ಹಳ್ಳಿಗಲ್ಲ, ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ. ತೊಂಬತ್ತಕ್ಕೂ ಹೆಚ್ಚು ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪನಿಗೆ! ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು ಆಮೇಲೆ, 1905ರ ಆಗಸ್ಟ್‌ನಲ್ಲಿ. ತಂತಿ ಹಾದುಹೋದ ಹಳ್ಳಿಗಳ ಜನ ಎಷ್ಟೋ ದಶಕ ಬುಡ್ಡಿ ದೀಪದಲ್ಲೇ ಉಂಡರು.

ಆಮೇಲೆ ಶರಾವತಿ. 1960ರ ದಶಕದಲ್ಲಿ ಲಿಂಗನಮಕ್ಕಿ ಕಟ್ಟಿದೆವು. ನಾಡಿಗೆಲ್ಲ ಬೆಳಕಾಯಿತು. ನೀರಿನಡಿ ಮುಳುಗಿದ ಊರಿನವರು ಮಾತ್ರ ಕಾಡಿನ ಅಂಚಿಗೆ ಬಂದು ಬಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಅಲೆದದ್ದು ನಿಮಗೆ ಗೊತ್ತೇ ಇದೆ.

ನಮ್ಮ ನಾಡಿನ ಕರೆಂಟಿನ ಚರಿತ್ರೆಯಲ್ಲಿ ಹೀಗೆ ಒಂದು ಚಾಳಿ ಇದೆ. ನೀರು ಒಬ್ಬರದು, ನೆಲ ಒಬ್ಬರದು, ಬೆಳಕು ಇನ್ನೊಬ್ಬರದು. ಶಿವನಸಮುದ್ರದಿಂದ ಬಲಸಮುದ್ರಕ್ಕೆ ಬರುವ ಹೊತ್ತಿಗೆ ನೂರು ವರ್ಷ ದಾಟಿದೆ. ಈ ಚಾಳಿ ಬದಲಾಯಿತೇ, ಇಲ್ಲವೇ? ಈ ಭಾಷಣವೆಲ್ಲ ಈ ಒಂದೇ ಪ್ರಶ್ನೆಯ ಬಗ್ಗೆ.

ಬರವೇ ಬಂಡವಾಳವಾದದ್ದು

ಬೆಂಗಳೂರಿನ ಗೆಳೆಯರಿಗೆ ಇಲ್ಲಿನ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ತಿರುಮಣಿ, ಬಲಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಐದು ಊರು. ಸುಮಾರು 13,000 ಎಕರೆ ನೆಲ. 2,050 ಮೆಗಾವ್ಯಾಟ್ ಶಕ್ತಿ. ರಾಜ್ಯದ ಮತ್ತು ಕೇಂದ್ರದ ಸಂಸ್ಥೆಗಳು ಕೂಡಿ 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಮಾಡಿದವು. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೊದಲ ಹಂತ ಉದ್ಘಾಟಿಸಿದರು. 'ಶಕ್ತಿ ಸ್ಥಳ' ಅಂತ ಹೆಸರಿಟ್ಟರು. 2019ರ ಕೊನೆಗೆ ಪೂರ್ತಿ ಕೆಲಸ ಮುಗಿಯಿತು. ಜಗತ್ತಿನ ದೊಡ್ಡ ಸೌರ ಪಾರ್ಕುಗಳ ಪಟ್ಟಿಯಲ್ಲಿ ನಮ್ಮ ಪಾವಗಡದ ಹೆಸರು ಬಂತು.

ಇಷ್ಟು ದೊಡ್ಡದು ಇಲ್ಲಿಗೇ ಯಾಕೆ ಬಂತು? ಬರದಿಂದ! ನಿಮ್ಮ ಅಜ್ಜಂದಿರನ್ನು ಊರು ಬಿಡಿಸಿ ಬೆಂಗಳೂರಿನ ಗಾರೆ ಕೆಲಸಕ್ಕೆ ಅಟ್ಟಿದ ಅದೇ ಬರದಿಂದ. ಮೋಡ ಕಡಿಮೆ, ಆದ್ದರಿಂದ ವರ್ಷದಲ್ಲಿ ಬಹಳ ದಿನ ಬಿಸಿಲು. ಬೆಳೆ ಕಡಿಮೆ, ಆದ್ದರಿಂದ ನೆಲ ಅಗ್ಗ. ಮಟ್ಟಸವಾದ ನೆಲ, ಕಾಡಿಲ್ಲ. ಮೂರು ಕಡೆ ಆಂಧ್ರ, ಬೋರ್‌ವೆಲ್ ಕೊರೆದರೆ ಫ್ಲೋರೈಡ್ ನೀರು, ಕಡಲೆಕಾಯಿ ಬಿತ್ತಿದರೆ ಆಕಾಶ ನೋಡಬೇಕು. ಹೀಗೆ ಎಲ್ಲರೂ ಮರೆತಿದ್ದ ತಾಲ್ಲೂಕನ್ನು ಸೂರ್ಯನಿಂದಾಗಿ ದೇಶವೇ ತಿರುಗಿ ನೋಡಿತು.

ಇನ್ನು ಆ ಹಲಗೆಯೊಳಗೆ ಏನಾಗುತ್ತದೆ? 'ಬಿಸಿಲಿನ ಕಾವಿನಿಂದ ಕರೆಂಟು' ಅಂತ ಬಹಳ ಜನ ತಿಳಿದಿದ್ದಾರೆ. ತಪ್ಪು. ಕಾವಿನಿಂದಲ್ಲ, ಬೆಳಕಿನಿಂದ. ಮರಳಿನಿಂದ ತೆಗೆದು ಶುದ್ಧ ಮಾಡಿದ ಸಿಲಿಕಾನ್ ಎಂಬ ವಸ್ತುವಿನ ತೆಳು ಬಿಲ್ಲೆಗಳು ಗಾಜಿನ ಅಡಿಯಲ್ಲಿವೆ. ಬಿಲ್ಲೆಗೆ ಎರಡು ಪದರ. ಎರಡೂ ಸಿಲಿಕಾನೇ, ಒಂದೊಂದಕ್ಕೆ ಬೆರೆಸಿದ ಚಿಟಿಕೆ ವಸ್ತು ಬೇರೆ ಬೇರೆ. ಬೆಳಕು ಬಿದ್ದಾಗ ಒಳಗಿನ ಎಲೆಕ್ಟ್ರಾನು ಜಾಗ ಬಿಟ್ಟು ಎದ್ದೇಳುತ್ತದೆ. ಪದರಗಳ ನಡುವಿನ ಗಡಿ ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ತಂತಿ ಕೊಟ್ಟರೆ ಹರಿಯುತ್ತದೆ. ಅದೇ ಕರೆಂಟು. ಕಾವು ಹೆಚ್ಚಿದರೆ ಉತ್ಪಾದನೆ ಸ್ವಲ್ಪ ಇಳಿಯುತ್ತದೆ, ಗೊತ್ತೇ? ನಮ್ಮ ಹಾಗೇ ಆ ಹಲಗೆಗೂ ಏಪ್ರಿಲ್ ಮಧ್ಯಾಹ್ನ ಸುಸ್ತು!

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮೊದಲ ಬಾರಿಗೆ ಉಪಯೋಗಕ್ಕೆ ಬರುವ ಸಿಲಿಕಾನ್ ಸೌರಕೋಶ ಮಾಡಿದಾಗ, ಬಿದ್ದ ಬೆಳಕಿನ ನೂರರಲ್ಲಿ ಆರು ಪಾಲು ಮಾತ್ರ ಕರೆಂಟಾಗುತ್ತಿತ್ತು. ಇವತ್ತು ಮಾರುಕಟ್ಟೆಯ ಒಳ್ಳೆಯ ಹಲಗೆ ಇಪ್ಪತ್ತರ ಮೇಲೆ ಕೊಡುತ್ತದೆ. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಎಂಬ ಇನ್ನೊಂದು ಪದರ ಹಚ್ಚಿದ ಜೋಡಿ ಕೋಶ 2024ರಲ್ಲಿ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ದಾಟಿತು. ಅದು ಮಳೆ ಗಾಳಿಗೆ ನಿಂತು ಬಾಳುವಂತಾದರೆ ಇದೇ ನೆಲದಲ್ಲಿ ಒಂದೂವರೆ ಪಟ್ಟು ಬೆಳೆ. ನೆನಪಿಟ್ಟುಕೊಳ್ಳಿ, ಕೊನೆಗೆ ಈ ಮಾತಿಗೆ ಮತ್ತೆ ಬರುತ್ತೇನೆ.

ಹಲಗೆಯಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡುತ್ತದೆ. ಒಂದನ್ನು ಇನ್ನೊಂದು ಮಾಡುವ ಪೆಟ್ಟಿಗೆಯೇ ಇನ್ವರ್ಟರ್. ಆಮೇಲೆ ಸಬ್‌ಸ್ಟೇಷನ್, ಆಮೇಲೆ ದೊಡ್ಡ ಟವರುಗಳ ತಂತಿ. ಅಲ್ಲಿಗೆ ಹೋದ ಮೇಲೆ ಯಾವ ಕರೆಂಟು ಯಾವ ಊರಿನದು ಅಂತ ತಂತಿಯ ಮೇಲೆ ಹೆಸರು ಬರೆದಿರುವುದಿಲ್ಲ. ಆದರೂ ಬೆಂಗಳೂರಿನ ಗೆಳೆಯರೇ, ಮಧ್ಯಾಹ್ನ ನಿಮ್ಮ ಆಫೀಸಿನ ಏಸಿ ಓಡುವಾಗ ಅದರಲ್ಲಿ ಈ ಊರಿನ ಬಿಸಿಲೂ ಸ್ವಲ್ಪ ಇದೆ ಅಂತ ತಿಳಿದರೆ ತಪ್ಪಾಗಲಾರದು.

ಒಂದು ಯೂನಿಟ್ಟಿಗೆ ಎಂಟು ಪೈಸೆ

ಈಗ ದುಡ್ಡಿನ ವಿಚಾರ. ಇದು ಬಂದಾಗ ನಮ್ಮ ಸಭೆಗಳಲ್ಲಿ ಅರ್ಧ ಜನ ಕಾಫಿಗೆ ಏಳುತ್ತಾರೆ. ದಯವಿಟ್ಟು ಏಳಬೇಡಿ.

ಪಾವಗಡದ ಪಾರ್ಕಿನ ವಿಶೇಷ ಏನೆಂದರೆ, ಇಲ್ಲಿ ರೈತರ ನೆಲವನ್ನು ಕಿತ್ತುಕೊಳ್ಳಲಿಲ್ಲ. ಅದನ್ನು ಮೆಚ್ಚಬೇಕು. 28 ವರ್ಷದ ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಇರುತ್ತದೆ. ನಿಗಮ ನೆಲ ಹಿಡಿದು, ರಸ್ತೆ ತಂತಿ ಹಾಕಿ, ಕಂಪನಿಗಳಿಗೆ ಕೊಡುತ್ತದೆ. ಶರಾವತಿಯಲ್ಲಿ ಮುಳುಗಿದವರಿಗೆ ಈ ಭಾಗ್ಯ ಇರಲಿಲ್ಲ. ಮಳೆ ಬಂದರೂ 21,000, ಬಾರದಿದ್ದರೂ 21,000. ಬಿತ್ತನೆ ಬೀಜದ ಸಾಲವಿಲ್ಲ, ಗೊಬ್ಬರದ ಅಂಗಡಿಯವನ ಕಾಟವಿಲ್ಲ. ಹತ್ತಾರು ಎಕರೆ ಇದ್ದವರ ಮನೆಗೆ ತಾರಸಿ ಬಂತು, ಮಕ್ಕಳು ತುಮಕೂರಿನ ಕಾಲೇಜಿಗೆ ಹೋದರು. ಇದನ್ನು ಹೀಯಾಳಿಸುವ ಪಟ್ಟಣದ ಹೊಟ್ಟೆ ತುಂಬಿದ ಬುದ್ಧಿವಂತರ ಜೊತೆ ನಾನಿಲ್ಲ.

ಆದರೆ ಮೆಚ್ಚಿದ ಮೇಲೆ ಲೆಕ್ಕವನ್ನೂ ಮಾಡಬೇಕಲ್ಲ. ಒಂದು ಮೆಗಾವ್ಯಾಟ್ ಈ ಬಿಸಿಲಿಗೆ ವರ್ಷಕ್ಕೆ ಹದಿನೇಳು ಲಕ್ಷ ಯೂನಿಟ್ ಕೊಡುತ್ತದೆ ಅಂತ ಇಟ್ಟುಕೊಳ್ಳೋಣ. ಹೆಚ್ಚೂ ಬರಬಹುದು, ನಾನು ಕೈ ಬಿಗಿಹಿಡಿದೇ ಹೇಳುತ್ತಿದ್ದೇನೆ. 2,050ರಿಂದ ಗುಣಿಸಿ. ಸುಮಾರು 348 ಕೋಟಿ ಯೂನಿಟ್. ಅದನ್ನು 13,000 ಎಕರೆಗೆ ಹಂಚಿ. ಎಕರೆಗೆ ಹತ್ತಿರ ಹತ್ತಿರ 2,68,000 ಯೂನಿಟ್. ಯೂನಿಟ್ಟಿಗೆ ಮೂರು ರೂಪಾಯಿ ಹಿಡಿದರೆ ಎಕರೆಗೆ ವರ್ಷಕ್ಕೆ ಎಂಟು ಲಕ್ಷ ರೂಪಾಯಿಯ ಬೆಳೆ! ಕಡಲೆಕಾಯಿ ಬೆಳೆದ ಯಾವ ತಾತ ಕನಸು ಕಂಡಿದ್ದ?

ಈ ಎಂಟು ಲಕ್ಷದಲ್ಲಿ ನೆಲದವನಿಗೆ 21,000. ಅಂದರೆ ಒಂದು ಯೂನಿಟ್ಟಿಗೆ ಎಂಟು ಪೈಸೆ. ಈಚಿನ ಏರಿಕೆ ಸೇರಿಸಿದರೆ ಒಂಬತ್ತು, ಹತ್ತು ಪೈಸೆ ಅನ್ನಿ.

ತಡೆಯಿರಿ, ಚಪ್ಪಾಳೆ ಬೇಡ, ಕಂಪನಿಗಳಿಗೆ ಧಿಕ್ಕಾರವೂ ಬೇಡ. ಇನ್ನೊಂದು ಕಡೆಯ ಲೆಕ್ಕವನ್ನೂ ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಈ ನೆಲದ ಮೇಲೆ ಬಿದ್ದಿರುವ ಬಂಡವಾಳ ಹದಿನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೇಲೆ ಅಂತ ವರದಿಯಾಗಿದೆ. ಎಕರೆಗೆ ಕೋಟಿ ಲೆಕ್ಕ. ಅದು ಬಹುಪಾಲು ಸಾಲ. ಆ ಎಂಟು ಲಕ್ಷದಲ್ಲಿ ದೊಡ್ಡ ತುತ್ತು ಬ್ಯಾಂಕಿನ ಬಡ್ಡಿಗೆ, ಅಸಲಿಗೆ ಹೋಗುತ್ತದೆ. 2016ರಲ್ಲಿ ಇಲ್ಲಿನ ಮೊದಲ ಟೆಂಡರಿನಲ್ಲಿ ಯೂನಿಟ್ಟಿಗೆ 4 ರೂಪಾಯಿ 79 ಪೈಸೆಯ ಆಸುಪಾಸಿನಲ್ಲಿತ್ತು. ಎರಡೇ ವರ್ಷದಲ್ಲಿ ಮೂರು ರೂಪಾಯಿಗೂ ಕೆಳಗೆ ಕೂಗಿದರು. ಪೈಪೋಟಿ ಅಷ್ಟು ಜೋರು. ಹಲಗೆಯ ಬೆಲೆ ಕುಸಿದದ್ದು ಇದಕ್ಕೆ ಮುಖ್ಯ ಕಾರಣ. ಹಲಗೆ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಚೀನಾ ಕೈಯಲ್ಲಿದೆ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಹೇಳಿತು.

ಅಂದರೆ ಬಂಡವಾಳ ಹಾಕಿದವನಿಗೆ ಒಂದಿಷ್ಟು, ಸಾಲ ಕೊಟ್ಟವನಿಗೆ ಒಂದಿಷ್ಟು, ಹಲಗೆ ಮಾಡಿದವನಿಗೆ ಒಂದಿಷ್ಟು. ಅಗ್ಗದ ಕರೆಂಟು ಉಪಯೋಗಿಸುವ ನಮಗೂ ಒಂದಿಷ್ಟು. ಎಲ್ಲರ ಪಾಲೂ ಲೆಕ್ಕದಲ್ಲಿದೆ. ಬಿಸಿಲು ಕೊಟ್ಟ ಊರಿನ ಪಾಲು ಎಂಟು ಪೈಸೆ. ಹತ್ತಾದರೆ ಕಂಪನಿ ಮುಳುಗುತ್ತದೆಯೇ? ಹದಿನೈದಾದರೆ? ಈ ಪ್ರಶ್ನೆ ಕೇಳುವವರು ಬೇಕು. ಕೇಳಬೇಕಾದರೆ ಲೆಕ್ಕ ಗೊತ್ತಿರಬೇಕು.

ಇನ್ನೊಂದು ಲೆಕ್ಕ. ಎರಡು ವರ್ಷಕ್ಕೆ ಶೇಕಡಾ 5 ಅಂದರೆ ವರ್ಷಕ್ಕೆ ಎರಡೂವರೆಯೂ ಇಲ್ಲ. 28ನೇ ವರ್ಷಕ್ಕೆ ಬಾಡಿಗೆ ಸುಮಾರು 39,600 ರೂಪಾಯಿ ಆಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅಂಗಡಿ ಸಾಮಾನಿನ ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರಿದರೆ, ಮೊದಲ ವರ್ಷ 21,000ಕ್ಕೆ ಬರುತ್ತಿದ್ದ ಅಕ್ಕಿ ಬೇಳೆಗೆ ಕೊನೆಯ ವರ್ಷ 78,000 ಬೇಕು. ಬಾಡಿಗೆ ಕೂಲಿಯವನ ಹಾಗೆ ನಡೆಯುತ್ತದೆ, ಬೆಲೆ ಬಸ್ಸಿನಲ್ಲಿ ಹೋಗುತ್ತದೆ. ಇವತ್ತು ಸುಖವಾಗಿ ಕಾಣುವ ಬಾಡಿಗೆ ಮೊಮ್ಮಗನ ಕಾಲಕ್ಕೆ ಅರ್ಧ ಹೊಟ್ಟೆ. ಇದು ಯಾರದೋ ಪಿತೂರಿಯಲ್ಲ, ಬರೀ ಚಕ್ರಬಡ್ಡಿ. ಏಳನೇ ಕ್ಲಾಸಿನ ಗಣಿತ. ಆ ಗಣಿತವನ್ನು ಸಹಿ ಹಾಕುವ ಮೊದಲು ಎಷ್ಟು ಮನೆಯಲ್ಲಿ ಮಾಡಿದ್ದರು?

'ನಮಗೆ ಬೇಲಿ ಬಂತು'

ಇವತ್ತು ಬೆಳಿಗ್ಗೆ ಟೀ ಅಂಗಡಿ ಮುಂದೆ ಒಬ್ಬ ವಯಸ್ಸಾದ ತಾಯಿ ಸಿಕ್ಕರು. 'ಅಮ್ಮಾ, ಸೋಲಾರ್ ಬಂದ ಮೇಲೆ ಹೇಗಿದೆ?' ಅಂದೆ. ಅವರು ಮೇಲಿಂದ ಕೆಳಗೆ ನನ್ನ ಶರ್ಟು ಪ್ಯಾಂಟು ನೋಡಿ ಹೇಳಿದರು: 'ಹೊಲ ಇದ್ದೋರ್ಗೆ ಬಾಡಿಗೆ ಬಂತಪ್ಪ. ನಮ್ಗೆ ಬೇಲಿ ಬಂತು.'

ನಾನು ಒಂದು ಗಂಟೆ ಮಾತಾಡುವುದನ್ನು ಆ ತಾಯಿ ಎರಡು ಮಾತಿನಲ್ಲಿ ಮುಗಿಸಿದರು!

ಯೋಚಿಸಿ. ಒಂದು ಎಕರೆ ಕಡಲೆಕಾಯಿ ಎಂದರೆ ಬಿತ್ತಲು ಜನ, ಕಳೆ ತೆಗೆಯಲು ಜನ, ಕೀಳಲು, ಬಿಡಿಸಲು ಜನ. ಅದರಲ್ಲಿ ಬಹುಪಾಲು ಹೆಂಗಸರು, ಬಹುಪಾಲು ಸ್ವಂತ ನೆಲ ಇಲ್ಲದವರು. ಹಲಗೆಯ ಎಕರೆಗೆ ವರ್ಷದಲ್ಲಿ ಬೇಕಾದ ಕೈ ಎಷ್ಟು? ಹುಲ್ಲು ಕೊಯ್ಯಲು, ಧೂಳು ತೊಳೆಯಲು, ಕಾವಲು ಕಾಯಲು ಒಂದಿಷ್ಟು ಜನ. ತೊಳೆಯುವ ಕೆಲಸಕ್ಕೂ ನೀರಿಲ್ಲದೆ ಒರೆಸುವ ಯಂತ್ರಗಳು ಬಂದಿವೆ. ಬರದ ಸೀಮೆಯಲ್ಲಿ ನೀರು ಉಳಿಯುವುದು ಒಳ್ಳೆಯದೇ. ಆದರೆ ಆ ನೀರಿನ ಜೊತೆ ಒಂದು ಕೂಲಿಯೂ ಉಳಿದುಹೋಯಿತು, ಕಂಪನಿಯ ಲೆಕ್ಕದಲ್ಲಿ. ಕುರಿ ಮೇಯಿಸುವವರ ಕಥೆ ಬೇರೆ ಹೇಳಬೇಕಿಲ್ಲ. ಬೆಳೆ ಕೊಯ್ದ ಮೇಲೆ ಊರಿನ ಬಯಲೆಲ್ಲ ಕುರಿಯದು. ಬೇಲಿ ಬಂದ ಮೇಲೆ ಕುರಿಗೆ ದಾರಿಯೇ ಇಲ್ಲ. ಸರ್ಕಾರಿ ನೆಲದಲ್ಲಿ ಕಾಗದವಿಲ್ಲದೆ ಉಳುತ್ತಿದ್ದವನ ಕಥೆಯೂ ಅದೇ. ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವನಿಗೆ ತಾನೇ?

ಶಿವನಸಮುದ್ರದ ಹಳೆಯ ಚಾಳಿ ಇಲ್ಲಿ ಅರ್ಧ ಬದಲಾಗಿದೆ, ಅರ್ಧ ಉಳಿದಿದೆ. ನೆಲದವನಿಗೆ ಏನೋ ಸಿಕ್ಕಿತು. ನೆಲವಿಲ್ಲದವನನ್ನು ಈ ಸಲವೂ ತಂತಿ ದಾಟಿಹೋಯಿತು.

ಬೇಲಿಯ ಒಳಗೆ ಹೋಗುವ ದಾರಿ

ಆ ಬೇಲಿಯ ಒಳಗೆ ಎರಡು ಥರದ ಕೆಲಸ ಇದೆ. ಒಂದು ಹೊರಗಿನ ಬಿಸಿಲಿನದು: ಹುಲ್ಲು, ಧೂಳು, ಕಾವಲು. ಇನ್ನೊಂದು ತಣ್ಣನೆಯ ಕೋಣೆಯದು: ಕಂಪ್ಯೂಟರ್ ಪರದೆಯ ಮುಂದೆ ಕೂತು ಯಾವ ಇನ್ವರ್ಟರ್ ಎಷ್ಟು ಕೊಡುತ್ತಿದೆ, ಯಾವ ಸಾಲಿನಲ್ಲಿ ದೋಷ, ಗ್ರಿಡ್ಡಿಗೆ ನಾಳೆ ಎಷ್ಟು ಕೊಡಬಲ್ಲೆವು ಅಂತ ನೋಡುವುದು. ಮೊದಲನೆಯದು ಸ್ಥಳೀಯರಿಗೆ ಸಲೀಸಾಗಿ ಸಿಗುತ್ತದೆ. ಎರಡನೆಯದಕ್ಕೆ ಎಲ್ಲಿಂದಲೋ ಜನ ಬರುತ್ತಾರೆ. ಕೇಳಿದರೆ ಉತ್ತರ ಸಿದ್ಧ: 'ಲೋಕಲ್ ಹುಡುಗರಿಗೆ ಬರಲ್ಲ ಸಾರ್.'

ನನ್ನ ಪರಿಚಯದ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಐಟಿಐ ಎಲೆಕ್ಟ್ರಿಷಿಯನ್. ಪಂಪ್‌ಸೆಟ್ ಬಿಚ್ಚಿ ಕಟ್ಟುವುದರಲ್ಲಿ ಎತ್ತಿದ ಕೈ. ಇಂಥದೇ ಒಂದು ಕಡೆ ಸಂದರ್ಶನಕ್ಕೆ ಹೋದ. ಇಂಗ್ಲಿಷಿನಲ್ಲಿ ಕೇಳಿದರು, ಬೆವೆತ. ಹಿಂದಿಯಲ್ಲಿ ಕೇಳಿದರು, ಇನ್ನೂ ಬೆವೆತ. ವಾಪಸ್ಸು ಬಂದ. ಅದೇ ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಕೇಳಿದೆ. ಒಂದು ಬಿಟ್ಟು ಎಲ್ಲಕ್ಕೂ ಸರಿಯಾದ ಉತ್ತರ! ಅವನಿಗೆ ವಿದ್ಯೆ ಇತ್ತು. ಆ ವಿದ್ಯೆ ಕನ್ನಡದಲ್ಲಿತ್ತು, ಅಷ್ಟೇ ಅವನ ಅಪರಾಧ.

ಇಲ್ಲಿಯೇ ಭಾಷೆಯ ಪ್ರಶ್ನೆ ಬರುತ್ತದೆ, ನಾನು ಎಳೆದು ತಂದದ್ದಲ್ಲ. ಪಾವಗಡದಲ್ಲಿ ಮನೆಯಲ್ಲಿ ತೆಲುಗು ಆಡುವವರು ಬಹಳ. ಶಾಲೆಯಲ್ಲಿ, ಸಂತೆಯಲ್ಲಿ, ಕಚೇರಿಯಲ್ಲಿ ಕನ್ನಡ. ಅದರಲ್ಲಿ ಜಗಳವಿಲ್ಲ. ಎರಡು ನಾಲಿಗೆಯ ಜಾಣರು ನೀವು. ಈ ಊರಿನ ತೆಲುಗು ಮಾತಿನ ಹುಡುಗನೂ ಆ ಸಂದರ್ಶನದಲ್ಲಿ ಅಷ್ಟೇ ಬೆವರುತ್ತಾನೆ. ಅವನ ಹಕ್ಕೂ ನಮ್ಮ ಹಕ್ಕೂ ಒಂದೇ.

ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಅದರ ಹೆಸರು ಹೇಳಿ ಹೇಳಿ ನಮ್ಮ ತಲೆ ನೆರೆಯಿತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯ ಮಸೂದೆಗೆ ರಾಜ್ಯದ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಕೂಗಿದರು. ಎರಡೇ ದಿನದಲ್ಲಿ ತಡೆಹಿಡಿದರು. ಕಾನೂನು ಬೇಕು, ಅದಕ್ಕೆ ಹೋರಾಟವೂ ಬೇಕು, ನಾನು ಅದರಲ್ಲಿ ಹಿಂದೆ ಸರಿಯುವವನಲ್ಲ. ಆದರೆ ಗೆಳೆಯರೇ, ಕಾನೂನು ಗೇಟು ತೆಗೆಸಬಹುದು. ಒಳಗೆ ಹೋದ ಮೇಲೆ ಆ ಪರದೆಯ ಮುಂದೆ ಕೂರಿಸುವುದು ಕಾನೂನಲ್ಲ, ವಿದ್ಯೆ.

ಬೆಳ್ಳಾವೆಯವರ ಸಾಲ

ಆ ವಿದ್ಯೆ ಕನ್ನಡದಲ್ಲಿ ಆಗುವುದಿಲ್ಲ ಅನ್ನುವ ಭಂಡರಿಗೆ ಈ ಜಿಲ್ಲೆಯದೇ ಉತ್ತರ ಇದೆ. ತುಮಕೂರಿನ ಹತ್ತಿರ ಬೆಳ್ಳಾವೆ ಅಂತ ಊರು. ಬೆಳ್ಳಾವೆ ವೆಂಕಟನಾರಣಪ್ಪ ಅಂತ ಹೆಸರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುತ್ತಿದ್ದವರು. ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಅಂತ ಕನ್ನಡ ಮಾಸಪತ್ರಿಕೆ ಹೊರಡಿಸಿದರು. 1918! ಆಗ ಕರ್ನಾಟಕ ರಾಜ್ಯವೇ ಇರಲಿಲ್ಲ. ಪತ್ರಿಕೆ ಎರಡೇ ವರ್ಷ ನಡೆದು ನಿಂತಿತು. ಆಮೇಲೆ ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಓದಿ ಎಷ್ಟೋ ಹಳ್ಳಿ ಮಕ್ಕಳು ಎಂಜಿನಿಯರಾದರು. ಇವರೆಲ್ಲ ನಮ್ಮ ಮೇಲೆ ಒಂದು ಸಾಲ ಹೊರಿಸಿ ಹೋಗಿದ್ದಾರೆ. ನಾವು ನವೆಂಬರ್ ತಿಂಗಳಲ್ಲಿ ಬಾವುಟ ಹಾರಿಸಿ ಬಡ್ಡಿ ಕಟ್ಟಿದ್ದೇವೆ. ಅಸಲು ಹಾಗೇ ಇದೆ!

ಇನ್ವರ್ಟರಿಗೆ ಕನ್ನಡದ ಪದ ಏನು ಅಂತ ನಾಲ್ಕು ವರ್ಷ ಜಗಳ ಆಡುವುದರಿಂದ ಅಸಲು ತೀರುವುದಿಲ್ಲ. ಇನ್ವರ್ಟರ್ ಅನ್ನಿ, ಹುಡುಗರಿಗೆ ಅರ್ಥವಾಗುತ್ತದೆ. ಒಳಗೆ ಏನಾಗುತ್ತದೆ, ಯಾಕೆ ಕೆಡುತ್ತದೆ, ಮುಟ್ಟುವ ಮೊದಲು ಯಾವ ಸ್ವಿಚ್ಚು ಆರಿಸಬೇಕು, ಇಷ್ಟನ್ನು ಕನ್ನಡದಲ್ಲಿ ಹೇಳಿ. ಹಲಗೆಯ ಮೇಲೆ ಬೆಳಕು ಇರುವ ತನಕ ಅದು ಕರೆಂಟು ಕೊಡುತ್ತಲೇ ಇರುತ್ತದೆ, ಅದನ್ನು ಪೂರ್ತಿ ಆರಿಸಲು ಆಗುವುದಿಲ್ಲ. ಈ ಒಂದು ವಾಕ್ಯ ಕನ್ನಡದಲ್ಲಿ ಗೊತ್ತಿದ್ದರೆ ಒಂದು ಜೀವ ಉಳಿಯುತ್ತದೆ. ಭಾಷೆ ಹೊಟ್ಟೆ ಹೊರೆಯುವುದು ಹೀಗೆ, ಜೀವ ಕಾಯುವುದೂ ಹೀಗೆ.

ಮುಂದಿನ ಸುದ್ದಿಯನ್ನಾದರೂ ಮೊದಲೇ ಓದೋಣ

ಇನ್ನು ಮುಂದೆ ಬರುವುದನ್ನು ಹೇಳಿ ಮುಗಿಸುತ್ತೇನೆ. 2025ರ ಜನವರಿ ಕೊನೆಗೆ ಭಾರತದ ಸೌರಶಕ್ತಿ ಒಂದು ಲಕ್ಷ ಮೆಗಾವ್ಯಾಟ್ ದಾಟಿತು. 2025ರ ಸೆಪ್ಟೆಂಬರಿನಲ್ಲಿ ಸೌರ ಸಾಮಾನಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. 2024ರಲ್ಲಿ ಶುರುವಾದ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ತಾರಸಿಗೆ ಮೂರು ಕಿಲೋವ್ಯಾಟ್ ಹಾಕಿಸಿಕೊಂಡರೆ 78,000 ರೂಪಾಯಿ ಸಹಾಯಧನ. ಈಗ ಬಾಡಿಗೆಯ ದುಡ್ಡಿನಲ್ಲಿ ತಾರಸಿ ಕಟ್ಟಿದವರು ಕಿವಿಗೊಡಿ. ಆ ತಾರಸಿಯೂ ಹೊಲವೇ! ಅದನ್ನು ಯಾರಿಗೂ ಗುತ್ತಿಗೆ ಕೊಡಬೇಕಿಲ್ಲ.

ಸೂರ್ಯ ಸಂಜೆ ಮುಳುಗುತ್ತಾನೆ, ನಾವು ದೀಪ ಹಾಕುವುದು ಆಗಲೇ. ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಲು ಬ್ಯಾಟರಿ ಬೇಕು. ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ 2010ರಲ್ಲಿ ಸಾವಿರ ಡಾಲರಿಗೂ ಹೆಚ್ಚು ಬೆಲೆ ಇತ್ತು. 2024ರಲ್ಲಿ ಸರಾಸರಿ 115 ಡಾಲರಿಗೆ ಬಂತು. ಹಲಗೆಯ ಬೆಲೆಗೆ ಆದದ್ದೇ ಬ್ಯಾಟರಿಗೂ ಆಗುತ್ತಿದೆ. ಸೌರ ಪಾರ್ಕುಗಳ ಪಕ್ಕದಲ್ಲೇ ಬ್ಯಾಟರಿಗಳು ಸಾಲು ಸಾಲಾಗಿ ಬರುವ ಕಾಲ ಇದು. ಅದರ ರಿಪೇರಿ, ಅದರ ಬೆಂಕಿ ಸುರಕ್ಷತೆ ಎಲ್ಲ ಹೊಸ ವಿದ್ಯೆ. ಈಗ ಕಲಿತವನು ಆಗ ಒಳಗೆ. ಆಗ ಕಲಿಯಲು ಶುರು ಮಾಡಿದವನು ಮತ್ತೆ ಬೇಲಿಯ ಹೊರಗೆ, ಹುಲ್ಲು ಕೊಯ್ಯಲು.

ಈ ಪಾರ್ಕನ್ನು ಇನ್ನೂ ಸಾವಿರಾರು ಎಕರೆಗೆ ಬೆಳೆಸುವ ಮಾತು ಸರ್ಕಾರದ ಕಡೆಯಿಂದ ಬಂದಿದೆ. ಹೊಸ ಗುತ್ತಿಗೆಯ ಕಾಗದ ನಿಮ್ಮ ಮುಂದೆ ಬಂದಾಗ ನಾಲ್ಕು ಮಾತು ಕೇಳಿ.

ಒಂದು, ಕಾಗದ ಪೂರ್ತಿ ಕನ್ನಡದಲ್ಲಿ ಇರಲಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಲಿ.

ಎರಡು, ಬಾಡಿಗೆಯ ಏರಿಕೆ ಬೆಲೆ ಏರಿಕೆಯ ಜೊತೆ ನಡೆಯಲಿ. ನಾನು ಆಗಲೇ ಹೇಳಿದ ಜೋಡಿ ಕೋಶ ಬಂದು ಇದೇ ನೆಲದಲ್ಲಿ ಒಂದೂವರೆ ಪಟ್ಟು ಕರೆಂಟು ತೆಗೆದರೆ ಊರಿನ ಪಾಲೂ ಏರಲಿ. ಎಕರೆ ಲೆಕ್ಕದ ಜೊತೆಗೆ ಯೂನಿಟ್ ಲೆಕ್ಕವೂ ಇರಲಿ.

ಮೂರು, ನೆಲವಿಲ್ಲದವರಿಗೆ ಪಾಲು. ಯೂನಿಟ್ಟಿಗೆ ಒಂದೇ ಒಂದು ಪೈಸೆ ಊರಿನ ಕೂಲಿಯವರ ಹೆಸರಿನಲ್ಲಿ ಇಟ್ಟರೂ ಈ ಪಾರ್ಕಿನಿಂದ ವರ್ಷಕ್ಕೆ ಮೂರು ಕೋಟಿಗೂ ಹೆಚ್ಚಾಗುತ್ತದೆ. ಹುಲ್ಲು ಮೇಯಿಸಲು ಕುರಿಯನ್ನು ಒಳಗೆ ಬಿಡಿ. ಹೊರದೇಶಗಳ ಸೌರ ಪಾರ್ಕುಗಳಲ್ಲಿ ಅದು ನಡೆಯುತ್ತಿದೆ.

ನಾಲ್ಕು, 28 ವರ್ಷ ಮುಗಿದ ಮೇಲೆ ಈ ಗಾಜು, ಕಬ್ಬಿಣ, ಕಾಂಕ್ರೀಟು ಯಾರು ತೆಗೆಯುತ್ತಾರೆ? 2022ರ ಇ-ತ್ಯಾಜ್ಯ ನಿಯಮದಲ್ಲಿ ಸೌರ ಹಲಗೆಗಳೂ ಸೇರಿವೆ. ನೆಲ ಹೇಗೆ ಕೊಟ್ಟೆವೋ ಹಾಗೇ ವಾಪಸ್ಸು ಬರಬೇಕು ಅಂತ ಕಾಗದದಲ್ಲಿ ಬರೆಸಿ.

ಬೆಂಗಳೂರಿನ ಗೆಳೆಯರಿಗೆ ಐದನೆಯ ಮಾತೊಂದಿದೆ. ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಸಾಫ್ಟ್‌ವೇರಿನವರಿದ್ದೀರಿ, ಬ್ಯಾಂಕಿನವರಿದ್ದೀರಿ. ನಾಮಫಲಕದಲ್ಲಿ ಕನ್ನಡವಿಲ್ಲದ ಅಂಗಡಿ ಮುಂದೆ ನಿಲ್ಲುವ ನಿಮ್ಮ ಧೈರ್ಯ ನನಗೆ ಗೊತ್ತು. ತಿಂಗಳಿಗೆ ಒಂದು ಭಾನುವಾರ ಇಲ್ಲಿಗೆ ಬನ್ನಿ. ಐಟಿಐ ಮುಗಿಸಿದ ಹತ್ತು ಹುಡುಗ ಹುಡುಗಿಯರನ್ನು ಕೂರಿಸಿಕೊಳ್ಳಿ. ನಿಮಗೆ ಗೊತ್ತಿರುವುದನ್ನು ಕನ್ನಡದಲ್ಲಿ ಹೇಳಿ. ಹೇಳಲು ತಡವರಿಸಿದರೆ ನಾಚಿಕೆ ಬೇಡ, ನೀವೂ ಕಲಿಯುತ್ತೀರಿ. ವರ್ಷ ತುಂಬುವುದರೊಳಗೆ ಅವರಲ್ಲಿ ಇಬ್ಬರು ಆ ತಣ್ಣನೆಯ ಕೋಣೆಯ ಕುರ್ಚಿಯಲ್ಲಿ ಕೂತರೆ, ನೂರು ಘೋಷಣೆಗಿಂತ ಅದು ದೊಡ್ಡ ಕನ್ನಡದ ಕೆಲಸ.

ಶಿವನಸಮುದ್ರದ ಕಾಲದಲ್ಲಿ ನಮ್ಮ ಅಜ್ಜಂದಿರಿಗೆ ಏನು ನಡೆಯುತ್ತಿದೆ ಅಂತಲೇ ತಿಳಿದಿರಲಿಲ್ಲ. ಅವರನ್ನು ಬೈಯುವುದು ತರವಲ್ಲ. ನಮಗೆ ಆ ನೆಪವಿಲ್ಲ. ಲೆಕ್ಕ ನಮ್ಮ ಮುಂದಿದೆ, ಭಾಷೆ ನಮ್ಮ ಬಾಯಲ್ಲಿದೆ. ಆ ತಾಯಿ ಹೇಳಿದ ಬೇಲಿಗೆ ಒಂದು ಬಾಗಿಲು ಮಾಡೋಣ. ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನು ಇನ್ನು ಐದು ವರ್ಷ ಬಿಟ್ಟು ಅದೇ ಟೀ ಅಂಗಡಿ ಮುಂದೆ ಅವರಿಗೆ ಮತ್ತೆ ಕೇಳಬೇಕೆಂದಿದ್ದೇನೆ. ಆಗ ಅವರ ಉತ್ತರ ಬದಲಾಗಿರಬೇಕು. ಅದು ನಿಮ್ಮ ಕೈಯಲ್ಲಿದೆ.